ಸಾಲಿಗೊಂದು ಗುರುತು: ಎಡ್ಗರ್ ಕಾಡ್ ಹಿಡಿದ ಹಾದಿ

ರೈಲಿನ ಟಿಕೆಟ್ ಕಾಯ್ದಿರಿಸಿದವರಿಗೆ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆ ದೊರೆಯುತ್ತದೆ. ಬ್ಯಾಂಕಿನ ಖಾತೆಗೆ ಒಂದು ಸಂಖ್ಯೆ, ಅಡುಗೆ ಅನಿಲದ ಸಂಪರ್ಕಕ್ಕೆ ಮತ್ತೊಂದು, ಮನೆಯ ವಿದ್ಯುತ್ ಮೀಟರಿಗೆ ಆರ್‌ಆರ್ ನಂಬರು. ಈ ಸಂಖ್ಯೆಗಳನ್ನು ಹುಟ್ಟಿಸುವವರು ಯಾರು? ಅವುಗಳೊಳಗೆ ಅರ್ಥವೇನಾದರೂ ಇರಬೇಕೆ, ಇರಬಾರದೆ? ಒಮ್ಮೆ ಕೊಟ್ಟ ಗುರುತು ಮುಂದೆ ಬದಲಾಗಬಹುದೆ? ಲಕ್ಷಾಂತರ ಬಳಕೆದಾರರ ಜಾಲತಾಣವೊಂದನ್ನು ಕಟ್ಟಲು ಹೊರಟ ಎಂಜಿನಿಯರುಗಳು ಮೊದಲ ದಿನವೇ ಎದುರಿಸುವ ಪ್ರಶ್ನೆಗಳಿವು. ಮೊದಲ ದಿನದ ಉತ್ತರ ತಪ್ಪಾದರೆ ಅದನ್ನು ತಿದ್ದುವುದು ಬಹುತೇಕ ಅಸಾಧ್ಯ. ಏಕೆಂದರೆ ಆ ವೇಳೆಗೆ ಆ ಗುರುತು ನೂರಾರು ಕೋಷ್ಟಕಗಳಲ್ಲಿ, ರಸೀದಿಗಳಲ್ಲಿ, ಗ್ರಾಹಕರ ಇ-ಮೇಲ್‌ಗಳಲ್ಲಿ ಹರಡಿ ಹೋಗಿರುತ್ತದೆ.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಡ್ಗರ್ ಫ್ರಾಂಕ್ ಕಾಡ್ ಈ ಪ್ರಶ್ನೆಗೆ ಒಮ್ಮೆಯಲ್ಲ, ಎರಡು ಬಾರಿ ಉತ್ತರ ಬರೆದರು. ಮೊದಲನೆಯದು 1970ರಲ್ಲಿ. ಅದು ಅವರಿಗೆ ಜಗತ್ಪ್ರಸಿದ್ಧಿ ತಂದಿತು. ಎರಡನೆಯದು 1979ರಲ್ಲಿ, ಮೊದಲನೆಯದರ ಕೊರತೆಯನ್ನು ತಾವೇ ಒಪ್ಪಿಕೊಂಡು ಬರೆದದ್ದು. ಉದ್ಯಮ ಮೊದಲನೆಯದನ್ನು ತಲೆಯ ಮೇಲೆ ಹೊತ್ತುಕೊಂಡಿತು, ಎರಡನೆಯದನ್ನು ಅರ್ಧಂಬರ್ಧ ಓದಿತು.

ಕಾಡ್ ಜನಿಸಿದ್ದು 1923ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತ್ಯಕ್ಕೆ ಸೇರಿದ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆ ಚರ್ಮದ ಸಾಮಗ್ರಿ ತಯಾರಕರು, ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನ ಎಕ್ಸೆಟರ್ ಕಾಲೇಜಿನಲ್ಲಿ ಗಣಿತ ಹಾಗೂ ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸೇರಿ ವಿಮಾನ ಹಾರಿಸಿದರು. 1948ರಲ್ಲಿ ಅಮೆರಿಕಕ್ಕೆ ತೆರಳಿದವರು ಕೆಲಕಾಲ ನ್ಯೂಯಾರ್ಕಿನ ಪ್ರಸಿದ್ಧ ಮಳಿಗೆ ಮೇಸೀಸ್‌ನಲ್ಲಿ ಉಡುಪು ಮಾರುವ ಕೆಲಸವನ್ನೂ ಮಾಡಿದ್ದುಂಟು. ಮುಂದೆ ಜಗತ್ತಿನ ವ್ಯಾಪಾರದ ಲೆಕ್ಕವನ್ನೆಲ್ಲ ಕೋಷ್ಟಕಗಳಿಗೆ ಇಳಿಸಿದವರ ಆರಂಭ ಅಂಗಡಿಯ ಗಲ್ಲೆಯ ಬಳಿಯೇ ಆದದ್ದು ವಿಶೇಷ.

1949ರಲ್ಲಿ ಐಬಿಎಂ ಸೇರಿದರು. ಮೆಕಾರ್ಥಿ ಎಂಬ ಸೆನೆಟರ್ ಕಮ್ಯುನಿಸ್ಟರ ಬೇಟೆಯ ಹೆಸರಿನಲ್ಲಿ ಅಮೆರಿಕವನ್ನು ಹೆದರಿಸುತ್ತಿದ್ದ ದಿನಗಳವು. ಅದಕ್ಕೆ ಬೇಸತ್ತು 1953ರಲ್ಲಿ ಕೆನಡಾಕ್ಕೆ ಹೊರಟುಹೋದ ಕಾಡ್, ಮರಳಿದ್ದು ಕೆಲವು ವರ್ಷಗಳ ನಂತರವೇ. ಒಲ್ಲದ್ದನ್ನು ಒಲ್ಲೆ ಎಂದು ಎದ್ದು ನಡೆಯುವ ಈ ಸ್ವಭಾವ ಮುಂದೆಯೂ ಅವರನ್ನು ಬಿಡಲಿಲ್ಲ. ನಲವತ್ತು ದಾಟಿದ ಮೇಲೆ, 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ತನ್ನಂಥದೇ ಇನ್ನೊಂದನ್ನು ತಾನೇ ನಿರ್ಮಿಸಿಕೊಳ್ಳಬಲ್ಲ ಯಂತ್ರಕ್ಕೆ ಜಾನ್ ವಾನ್ ನಾಯ್ಮನ್ 29 ಸ್ಥಿತಿಗಳ ಕೋಶಗಳನ್ನು ಬಳಸಿದ್ದರು. ಎಂಟೇ ಸಾಕು ಎಂದು ಕಾಡ್ ತೋರಿಸಿಕೊಟ್ಟರು. ಅನಗತ್ಯವಾದುದನ್ನು ಕಿತ್ತೆಸೆಯುವುದೇ ಅವರ ಬುದ್ಧಿಯ ನಡೆಯಾಗಿತ್ತು.

ದಾರಿ ಬೇಡ, ಹೆಸರು ಸಾಕು

1960ರ ದಶಕದ ಕೊನೆಯಲ್ಲಿ ಕಾಡ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾ ಕೇಂದ್ರಕ್ಕೆ ಬಂದರು. ಆ ಹೊತ್ತಿಗೆ ಕಂಪನಿಗಳ ಮಾಹಿತಿಯೆಲ್ಲ ಕಂಪ್ಯೂಟರಿನೊಳಗೆ ಸೇರತೊಡಗಿತ್ತು. ಐಬಿಎಂನದೇ ಆದ ಐಎಂಎಸ್ ಎಂಬ ವ್ಯವಸ್ಥೆ, ಚಂದ್ರನಲ್ಲಿಗೆ ಹೊರಟ ಅಪೊಲೊ ಯೋಜನೆಯ ಬಿಡಿಭಾಗಗಳ ಪಟ್ಟಿ ಇಡುವುದಕ್ಕೆಂದು ರೂಪುಗೊಂಡು, ವ್ಯಾಪಾರಕ್ಕೂ ಇಳಿದಿತ್ತು.

ಇಂತಹ ವ್ಯವಸ್ಥೆಗಳಲ್ಲಿ ಒಂದು ದಾಖಲೆಗೆ ಗುರುತೆಂದರೆ ಅದನ್ನು ತಲುಪುವ ದಾರಿ. ನಮ್ಮ ಹಳೆಯ ಬಡಾವಣೆಗಳಲ್ಲಿ ವಿಳಾಸ ಹೇಳುವಂತೆ: ಹುಣಸೆಮರದ ಪಕ್ಕದ ಓಣಿ, ಎಡಕ್ಕೆ ಮೂರನೇ ಮನೆ. ಮರ ಕಡಿದರೆ, ನಡುವೆ ಇನ್ನೊಂದು ಮನೆ ಎದ್ದರೆ, ವಿಳಾಸ ಕೆಟ್ಟಿತು. ಒಂದು ವಿಭಾಗದ ದಾಖಲೆಯಿಂದ ಹೊರಟು, ಕೊಂಡಿಗಳನ್ನು ಹಿಡಿದು, ನೌಕರನ ದಾಖಲೆಯನ್ನು ಮುಟ್ಟಬೇಕಿತ್ತು. ಸಂಗ್ರಹದ ವಿನ್ಯಾಸ ಬದಲಾದರೆ ಆ ದಾರಿಯನ್ನು ನಂಬಿ ಬರೆದ ಪ್ರೋಗ್ರಾಂಗಳನ್ನು ತಿದ್ದಬೇಕಿತ್ತು.

1969ರಲ್ಲಿ ಐಬಿಎಂ ಆಂತರಿಕ ವರದಿಯಾಗಿಯೂ, 1970ರ ಜೂನ್‌ನಲ್ಲಿ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿಯೂ ಕಾಡ್ ಪ್ರಕಟಿಸಿದ ಪ್ರಬಂಧ ಈ ದಾರಿಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಎಲ್ಲ ಮಾಹಿತಿಯೂ ಕೋಷ್ಟಕಗಳಲ್ಲಿರಲಿ. ಗಣಿತದ ಭಾಷೆಯಲ್ಲಿ ಅದೊಂದು ಸಂಬಂಧ. ಎರಡು ಸಾಲುಗಳು ಒಂದೇ ಆಗಿರಕೂಡದು. ಪ್ರತಿ ಸಾಲನ್ನೂ ಬೇರೆಯದರಿಂದ ಬೇರ್ಪಡಿಸುವ ಒಂದು ಮೌಲ್ಯ ಅದರೊಳಗೇ ಇರಬೇಕು. ಅದು ಪ್ರೈಮರಿ ಕೀ. ಒಂದು ಕೋಷ್ಟಕ ಮತ್ತೊಂದನ್ನು ಸೂಚಿಸಬೇಕಾದರೆ ಆ ಮೌಲ್ಯವನ್ನು ತನ್ನಲ್ಲಿ ಬರೆದುಕೊಳ್ಳಲಿ. ಅದು ಫಾರಿನ್ ಕೀ. ಡಿಸ್ಕಿನ ಯಾವ ಮೂಲೆಯಲ್ಲಿ ಏನಿದೆ ಎಂಬುದು ಬಳಸುವವರಿಗೆ ತಿಳಿಯಬೇಕಿಲ್ಲ.

ಅವರ ಉದಾಹರಣೆಗಳಲ್ಲಿ ಕೀಲಿಯಾಗಿ ಬರುತ್ತಿದ್ದದ್ದು ನೌಕರನ ಸಂಖ್ಯೆ, ಬಿಡಿಭಾಗದ ಸಂಖ್ಯೆ ಮುಂತಾದವು. ಹೊರಜಗತ್ತಿನಲ್ಲಿ ಮನುಷ್ಯರು ಮೊದಲೇ ಕೊಟ್ಟಿಟ್ಟ ಗುರುತುಗಳವು. ಒಂಬತ್ತು ವರ್ಷಗಳ ಬಳಿಕ ಅವರಿಗೆ ತೊಡರಾದದ್ದೂ ಇದೇ.

ಅದಕ್ಕೂ ಮುನ್ನ ಇನ್ನೊಂದು ಕಾಳಗವಿತ್ತು. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿದ್ದಾಗ ತಮ್ಮದೇ ಸರಕನ್ನು ಹಳತೆನಿಸುವ ಈ ಹೊಸ ವಿಚಾರಕ್ಕೆ ಐಬಿಎಂ ಆತುರ ತೋರಲಿಲ್ಲ. ಎದುರು ಪಾಳೆಯದಲ್ಲಿದ್ದವರು ಚಾರ್ಲ್ಸ್ ಬಾಕ್‌ಮನ್. ಕೊಂಡಿಗಳ ಜಾಲದ ನಡುವೆ ದಾರಿ ಹುಡುಕುವ ಪ್ರೋಗ್ರಾಮರನನ್ನು ನಾವಿಕನಿಗೆ ಹೋಲಿಸಿ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸ ನೀಡಿದವರು. 1974ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಇಬ್ಬರೂ ಬಹಿರಂಗ ಚರ್ಚೆಯಲ್ಲಿ ಮುಖಾಮುಖಿಯಾದರು. ಅತ್ತ ಐಬಿಎಂನ ಸಿಸ್ಟಂ ಆರ್ ತಂಡ, ಇತ್ತ ಬರ್ಕ್ಲಿಯ ಇಂಗ್ರೆಸ್ ತಂಡ, ಎರಡೂ ಕಾಡ್ ವಿಚಾರವನ್ನು ಯಂತ್ರದಲ್ಲಿ ಓಡಿಸಿ ತೋರಿಸಿದವು. ಆದರೆ 1979ರಲ್ಲಿ ಅದನ್ನು ಮೊದಲು ಮಾರುಕಟ್ಟೆಗೆ ತಂದವರಲ್ಲಿ ಮುಂಚೂಣಿಯಲ್ಲಿದ್ದದ್ದು ಐಬಿಎಂ ಅಲ್ಲ, ಮುಂದೆ ಒರಾಕಲ್ ಎಂದು ಹೆಸರಾದ ಪುಟ್ಟ ಕಂಪನಿ. ಮನೆಯ ಮಗನ ಮಾತನ್ನು ನೆರೆಮನೆಯವರು ಮೊದಲು ಕೇಳಿಸಿಕೊಂಡ ಹಾಗಾಯಿತು. 1981ರಲ್ಲಿ ಕಾಡ್ ಅವರಿಗೂ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ತಮ್ಮನ್ನೇ ತಿದ್ದಿಕೊಂಡದ್ದು

1979ರ ಪ್ರಬಂಧದ ಮಾದರಿಗೆ ಆರ್‌ಎಂ/ಟಿ ಎಂದು ಹೆಸರು. ಟಿ ಎಂದರೆ ಟಾಸ್ಮೇನಿಯಾ. ಅದರ ವಿಚಾರವನ್ನು ಮೊದಲು ಮಂಡಿಸಿದ್ದು ಆ ದ್ವೀಪದ ಸಮ್ಮೇಳನವೊಂದರಲ್ಲಿ. ಮನುಷ್ಯರು ಕೊಡುವ ಗುರುತನ್ನೇ ಸಾಲಿನ ಕಾಯಂ ಗುರುತೆಂದು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕಾಡ್ ಅಲ್ಲಿ ಮೂರು ತೊಂದರೆಗಳನ್ನು ಎತ್ತಿ ತೋರಿದರು. ಎರಡು ಕಂಪನಿಗಳು ವಿಲೀನವಾದರೆ ನೌಕರರ ಸಂಖ್ಯೆಗಳು ಬದಲಾಗಬೇಕಾಗುತ್ತದೆ. ಒಬ್ಬನೇ ವ್ಯಕ್ತಿ ಒಂದು ಕೋಷ್ಟಕದಲ್ಲಿ ನೌಕರರ ಸಂಖ್ಯೆಯಿಂದಲೂ ಮತ್ತೊಂದರಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆಯಿಂದಲೂ ಗುರುತಾಗಿದ್ದರೆ ಅವರಿಬ್ಬರೂ ಒಬ್ಬರೇ ಎಂದು ಯಂತ್ರಕ್ಕೆ ತಿಳಿಯದು. ಇನ್ನೂ ಕೆಲಸಕ್ಕೆ ಸೇರದ ಅರ್ಜಿದಾರನಿಗೆ ನೌಕರರ ಸಂಖ್ಯೆಯೇ ಇಲ್ಲ, ನಿವೃತ್ತನಾದವನಿಗೆ ಅದು ಹೋಗಿರಬಹುದು. ಆದರೂ ಅವರ ಮಾಹಿತಿಯನ್ನು ಇಡಲೇಬೇಕು.

ಮೂರೂ ತೊಂದರೆಗಳು ಕರ್ನಾಟಕದ ಓದುಗರಿಗೂ ಅಪರಿಚಿತವಲ್ಲ. ಪ್ಯಾನ್ ಸಂಖ್ಯೆಯ ಐದನೇ ಅಕ್ಷರ, ಕಾರ್ಡು ವ್ಯಕ್ತಿಯದಾದರೆ, ಕುಲನಾಮದ ಮೊದಲ ಅಕ್ಷರ. ಮದುವೆಯ ನಂತರ ಕುಲನಾಮ ಬದಲಿಸಿಕೊಂಡವರ ಪ್ಯಾನ್ ಬದಲಾಗುವುದಿಲ್ಲ, ಆ ಅಕ್ಷರ ಹಳೆಯ ಕಥೆಯನ್ನೇ ಹೇಳುತ್ತಿರುತ್ತದೆ. ವಾಹನದ ನೋಂದಣಿ ಸಂಖ್ಯೆಯದು ಇದಕ್ಕೆ ತದ್ವಿರುದ್ಧ. ಅದರೊಳಗೆ ರಾಜ್ಯದ ಹೆಸರಿದೆ. ಹೀಗಾಗಿ ಕಾರು ಕಾಯಂ ಆಗಿ ಬೇರೆ ರಾಜ್ಯಕ್ಕೆ ಹೋದರೆ, ಕಾರು ಅದೇ ಆಗಿದ್ದರೂ, ಗುರುತು ಹೊಸದು. ಈ ಗೋಳು ತಪ್ಪಿಸಲೆಂದೇ 2021ರಲ್ಲಿ ಬಿಎಚ್ ಸರಣಿ ಬಂತು. ಗುರುತಿನೊಳಗೆ ಅರ್ಥ ತುಂಬಿದರೆ, ಅರ್ಥ ಬದಲಾದ ದಿನ ಒಂದೋ ಗುರುತು ಸುಳ್ಳಾಗಬೇಕು, ಇಲ್ಲವೇ ಮುರಿಯಬೇಕು.

ಕಾಡ್ ಸೂಚಿಸಿದ ಪರಿಹಾರಕ್ಕೆ ಸರೊಗೇಟ್ ಎಂದು ಹೆಸರು, ಅಂದರೆ ಬದಲಿ ಗುರುತು. ಬ್ರಿಟನ್ನಿನ ಐಬಿಎಂ ಸಂಶೋಧಕರಾದ ಹಾಲ್, ಔಲೆಟ್ ಮತ್ತು ಟಾಡ್ 1976ರಲ್ಲಿ ಹೇಳಿದ್ದ ವಿಚಾರವನ್ನು ಅವರು ಮುಂದುವರಿಸಿದರು. ಈ ಗುರುತನ್ನು ಹುಟ್ಟಿಸುವುದು ವ್ಯವಸ್ಥೆಯ ಕೆಲಸ. ಹೊಸ ವಸ್ತುವನ್ನು ಸೇರಿಸಿರೆಂದು ಬಳಕೆದಾರ ಕೇಳಬಹುದು, ಆದರೆ ಅದಕ್ಕೆ ಯಾವ ಮೌಲ್ಯ ಬರಬೇಕೆಂದು ಹೇಳುವ ಅಧಿಕಾರ ಅವನಿಗಿಲ್ಲ. ಆ ಮೌಲ್ಯ ಅವನ ಕಣ್ಣಿಗೂ ಬೀಳಕೂಡದು. ನೌಕರರ ಸಂಖ್ಯೆ, ಬಿಡಿಭಾಗದ ಸಂಖ್ಯೆಗಳು ಕೋಷ್ಟಕದಲ್ಲಿ ಇದ್ದೇ ಇರಲಿ, ಜನ ಅವುಗಳನ್ನೇ ಬಳಸಲಿ. ಒಳಗಿನ ಬೆಸುಗೆ ಮಾತ್ರ ಸರೊಗೇಟ್‌ನದು.

ಮನುಷ್ಯರ ಕೈಗೆ ಕೊಟ್ಟ ಅಧಿಕಾರವನ್ನು ಒಂಬತ್ತೇ ವರ್ಷಗಳಲ್ಲಿ ಹಿಂದಕ್ಕೆ ಪಡೆದದ್ದು ಸಣ್ಣ ಸಂಗತಿಯಲ್ಲ. ಮೊದಲ ಸಿದ್ಧಾಂತದ ಗೆಲುವು ಮಾರುಕಟ್ಟೆಯಲ್ಲಿ ಆಗಷ್ಟೇ ಆರಂಭವಾಗಿತ್ತು. ಅಂತಹ ಹೊತ್ತಿನಲ್ಲಿ ಅದರ ಬಿರುಕನ್ನು ತಾವೇ ತೋರಿಸುವ ವಿಜ್ಞಾನಿಗಳು ವಿರಳ.

ಉದ್ಯಮ ಮಾಡಿದ್ದೇನು? ವ್ಯವಸ್ಥೆಯೇ ಸಂಖ್ಯೆ ಕೊಡಲಿ ಎಂಬ ಭಾಗವನ್ನು ಒಪ್ಪಿತು. ಅದು ಯಾರಿಗೂ ಕಾಣಬಾರದು ಎಂಬ ಭಾಗವನ್ನು ಮರೆಯಿತು. ಆಟೊ ಇನ್‌ಕ್ರಿಮೆಂಟ್ ಎಂಬ ಹೆಸರಿನಲ್ಲಿ 1, 2, 3 ಎಂದು ಏರುತ್ತ ಹೋಗುವ ಸಂಖ್ಯೆಗಳು ಡೇಟಾಬೇಸ್‌ಗಳಲ್ಲಿ ಮನೆಮಾಡಿದವು. ಅಂತರಜಾಲದ ಕಾಲ ಬಂದಾಗ ಅವೇ ಸಂಖ್ಯೆಗಳು ನೇರವಾಗಿ ಪುಟದ ವಿಳಾಸದೊಳಗೆ ಹೋಗಿ ಕುಳಿತವು.

ಕಾಡ್ ತಮ್ಮ ಕಡೆಯ ದಶಕಗಳನ್ನು ಬಹುಪಾಲು ಅಸಮಾಧಾನದಲ್ಲೇ ಕಳೆದರು. 1984ರಲ್ಲಿ ಐಬಿಎಂ ತೊರೆದು, ಸಹೋದ್ಯೋಗಿಯಾಗಿದ್ದ ಕ್ರಿಸ್ ಡೇಟ್ ಜತೆಗೂಡಿ ಸಲಹಾ ಸಂಸ್ಥೆ ತೆರೆದರು. ಹೆಸರಿಗೆ ಮಾತ್ರ ರಿಲೇಷನಲ್ ಎನಿಸಿಕೊಂಡ ಸರಕುಗಳು ಮಾರುಕಟ್ಟೆ ತುಂಬಿದ್ದನ್ನು ಕಂಡು 1985ರಲ್ಲಿ ಹನ್ನೆರಡು ನಿಯಮಗಳನ್ನು ಪ್ರಕಟಿಸಿದರು. ಕೋಷ್ಟಕದ ಹೆಸರು, ಪ್ರೈಮರಿ ಕೀ, ಅಂಕಣದ ಹೆಸರು, ಈ ಮೂರನ್ನು ಹೇಳಿದರೆ ಯಾವುದೇ ಮಾಹಿತಿಯನ್ನು ತಲುಪಲು ಸಾಧ್ಯವಾಗಬೇಕು ಎಂಬುದು ಅವುಗಳಲ್ಲೊಂದು. ಕೀಲಿಯೇ ಇಲ್ಲದ ಕೋಷ್ಟಕಕ್ಕೂ, ಒಂದರಂತೆ ಇನ್ನೊಂದಿರುವ ಸಾಲುಗಳಿಗೂ ಎಸ್‌ಕ್ಯೂಎಲ್ ಭಾಷೆ ಅವಕಾಶ ಕೊಟ್ಟದ್ದನ್ನು ಅವರು ಎಂದೂ ಕ್ಷಮಿಸಲಿಲ್ಲ. 1988ರಲ್ಲಿ ಅದರ ವಿರುದ್ಧ ಕಟುವಾಗಿಯೇ ಬರೆದರು. 1993ರಲ್ಲಿ ಒಂದು ಕಂಪನಿಯ ಪ್ರಾಯೋಜಕತ್ವದಲ್ಲಿ ಹೊರತಂದ ಒಎಲ್‌ಎಪಿ ಕುರಿತ ಬರಹ ಮಾತ್ರ ಅವರ ಹೆಸರಿಗೆ ಸ್ವಲ್ಪ ಮಸಿ ಬಳಿಯಿತು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ, 79ನೇ ವಯಸ್ಸಿನಲ್ಲಿ, ಹೃದಯ ವೈಫಲ್ಯದಿಂದ ನಿಧನರಾದರು.

ಅವರಿಲ್ಲದ ಮೇಲೆ

ಏರುತ್ತ ಹೋಗುವ ಸಂಖ್ಯೆಯ ತೊಂದರೆ ಅವರು ತೀರಿಕೊಂಡ ಮೇಲೆ, ಜಾಲತಾಣಗಳು ಬೆಳೆದಂತೆಲ್ಲ ಬಿಚ್ಚಿಕೊಂಡಿತು. ಅದು ಗುಟ್ಟು ಬಿಟ್ಟುಕೊಡುತ್ತದೆ. ಕಾಡ್ ವಿಮಾನ ಹಾರಿಸಿದ ಅದೇ ಯುದ್ಧದಲ್ಲಿ, ವಶಪಡಿಸಿಕೊಂಡ ಜರ್ಮನ್ ಟ್ಯಾಂಕುಗಳ ಬಿಡಿಭಾಗಗಳ ಕ್ರಮಸಂಖ್ಯೆಗಳಿಂದಲೇ ಶತ್ರುವಿನ ಉತ್ಪಾದನೆಯನ್ನು ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1,550. ಕ್ರಮಸಂಖ್ಯೆಯ ಲೆಕ್ಕ 327. ಯುದ್ಧಾನಂತರ ಸಿಕ್ಕ ಜರ್ಮನ್ ದಾಖಲೆಯಲ್ಲಿದ್ದ ಸಂಖ್ಯೆ 342! ಇಂದು ಅಂಗಡಿಯ ಜಾಲತಾಣವೊಂದರಲ್ಲಿ ತಿಂಗಳಿನ ಮೊದಲ ದಿನ ಒಂದು, ಕೊನೆಯ ದಿನ ಒಂದು ಆರ್ಡರ್ ಮಾಡಿದರೆ ಪ್ರತಿಸ್ಪರ್ಧಿಗೆ ಅದರ ವ್ಯಾಪಾರ ತಿಳಿಯುತ್ತದೆ. ವಿಳಾಸದಲ್ಲಿರುವ ಸಂಖ್ಯೆಯನ್ನು ಒಂದರಿಂದ ಹೆಚ್ಚಿಸಿ ಬೇರೆಯವರ ರಸೀದಿ ತೆರೆಯುವವರೂ ಇದ್ದಾರೆ. ರಸೀದಿ ತೋರಿಸುವ ಮುನ್ನ ಕೇಳುತ್ತಿರುವವರು ಯಾರೆಂದು ಪರೀಕ್ಷಿಸದ ತಂತ್ರಾಂಶದ ತಪ್ಪು ಅದು, ನಿಜ. ಆದರೆ ಮುಂದಿನ ಸಂಖ್ಯೆ ಯಾವುದೆಂದು ಊಹಿಸಲು ಆಗದಿದ್ದರೆ ಕಳ್ಳನ ಕೆಲಸ ಅಷ್ಟರಮಟ್ಟಿಗೆ ಕಷ್ಟ.

ಸಂಖ್ಯೆ ಮುಗಿದೂ ಹೋಗಬಹುದು. 32 ಬಿಟ್‌ಗಳ ಪೂರ್ಣಾಂಕ 2,147,483,647ಕ್ಕೆ, ಅಂದರೆ 214 ಕೋಟಿ ಚಿಲ್ಲರೆಗೆ, ನಿಲ್ಲುತ್ತದೆ. 2018ರ ನವೆಂಬರ್‌ನಲ್ಲಿ ಬೇಸ್‌ಕ್ಯಾಂಪ್ ಎಂಬ ಜನಪ್ರಿಯ ಸೇವೆಯ ಕೋಷ್ಟಕವೊಂದು ಈ ಗೋಡೆಗೆ ಬಡಿದು, ಸುಮಾರು ಐದು ಗಂಟೆ ಕಾಲ ಯಾರೂ ಹೊಸದೇನನ್ನೂ ಸೇರಿಸಲಾಗದ ಸ್ಥಿತಿ ಉಂಟಾಗಿತ್ತು. 64 ಬಿಟ್ ಆರಿಸಿಕೊಂಡಿದ್ದರೆ ಹೆಚ್ಚಿನ ಖರ್ಚು ಸಾಲಿಗೆ ನಾಲ್ಕು ಬೈಟ್ ಮಾತ್ರ.

ನಿಜವಾದ ಬಿಕ್ಕಟ್ಟು ಮಾಹಿತಿ ಒಂದೇ ಯಂತ್ರದಲ್ಲಿ ಹಿಡಿಸದೇ ಹೋದಾಗಿನದು. ಮುಂದಿನ ಸಂಖ್ಯೆ ಯಾವುದೆಂದು ಎಲ್ಲ ಯಂತ್ರಗಳೂ ಒಬ್ಬನನ್ನೇ ಕೇಳುತ್ತಿದ್ದರೆ ಆ ಒಬ್ಬ ಮಲಗಿದ ದಿನ ಅಂಗಡಿಯೇ ಬಂದ್. ಫ್ಲಿಕರ್ ಎಂಬ ಚಿತ್ರಗಳ ತಾಣ ಸಂಖ್ಯೆ ಹಂಚುವುದಕ್ಕೆಂದೇ ಎರಡು ಯಂತ್ರಗಳನ್ನು ಇಟ್ಟಿತು. ಒಂದು ಬೆಸಸಂಖ್ಯೆಗಳನ್ನು, ಇನ್ನೊಂದು ಸಮಸಂಖ್ಯೆಗಳನ್ನು ಕೊಡುತ್ತಿತ್ತು. ಸರಳ ಉಪಾಯ, ಸಾಕಷ್ಟು ಕಾಲ ನಡೆಯಿತು.

ಇನ್ನೊಂದು ಹಾದಿ ಯಾರನ್ನೂ ಕೇಳದೆಯೇ ಗುರುತು ಹುಟ್ಟಿಸಿಕೊಳ್ಳುವುದು. 128 ಬಿಟ್‌ಗಳ ಯುಯುಐಡಿ ಇಂಥದ್ದು. ಅದರ ನಾಲ್ಕನೇ ಬಗೆಯಲ್ಲಿ 122 ಬಿಟ್‌ಗಳು ಯಾದೃಚ್ಛಿಕ. ಎರಡು ಯಂತ್ರಗಳು ಒಂದೇ ಗುರುತನ್ನು ಹುಟ್ಟಿಸುವ ಸಂಭವ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಡೇಟಾಬೇಸ್ ತನ್ನ ಸೂಚಿಯನ್ನು ಬಿ-ಟ್ರೀ ಎಂಬ ರಚನೆಯಲ್ಲಿ, ಅನುಕ್ರಮವಾಗಿ ಜೋಡಿಸಿಡುತ್ತದೆ. ಏರುವ ಸಂಖ್ಯೆಯಾದರೆ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತ ಹೋದಂತೆ. ಯಾದೃಚ್ಛಿಕ ಗುರುತಾದರೆ ಪ್ರತಿ ನಮೂದಿಗೂ ಪುಸ್ತಕದ ಮಧ್ಯದ ಯಾವುದೋ ಹಾಳೆ ತೆರೆಯಬೇಕು, ತುಂಬಿದ ಹಾಳೆಯನ್ನು ಎರಡಾಗಿ ಸೀಳಬೇಕು. ಪುಸ್ತಕ ಮೇಜಿನ ಮೇಲೆ ಹಿಡಿಸುವವರೆಗೆ ಚಿಂತೆಯಿಲ್ಲ. ಸೂಚಿ ಯಂತ್ರದ ಮೆಮೊರಿಯನ್ನು ಮೀರಿ ಬೆಳೆದ ದಿನದಿಂದ ವೇಗ ಕುಸಿಯುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಂತೂ ಪ್ರತಿ ಉಪಸೂಚಿಯೂ ಪ್ರೈಮರಿ ಕೀಲಿಯನ್ನು ಹೊತ್ತಿರುತ್ತದೆಯಾದ್ದರಿಂದ, ದಪ್ಪ ಕೀಲಿಯ ಭಾರ ಎಲ್ಲ ಕಡೆಯೂ ಬೀಳುತ್ತದೆ.

2010ರಲ್ಲಿ ಟ್ವಿಟರ್ ಪ್ರಕಟಿಸಿದ ಸ್ನೋಫ್ಲೇಕ್ ಎರಡನ್ನೂ ಹೊಂದಿಸಿತು. 64 ಬಿಟ್‌ಗಳ ಒಳಗೆ 41 ಬಿಟ್ ಸಮಯಕ್ಕೆ, 10 ಬಿಟ್ ಯಂತ್ರದ ಗುರುತಿಗೆ, 12 ಬಿಟ್ ಅದೇ ಮಿಲಿಸೆಕೆಂಡಿನ ಸರದಿಗೆ. ಹೀಗೆ 1,024 ಯಂತ್ರಗಳು, ಪ್ರತಿಯೊಂದೂ ಮಿಲಿಸೆಕೆಂಡಿಗೆ 4,096 ಗುರುತುಗಳನ್ನು, ಸುಮಾರು 69 ವರ್ಷಗಳ ಕಾಲ ಕೊಡಬಲ್ಲವು. ಯಂತ್ರದ ಗಡಿಯಾರ ಹಿಂದಕ್ಕೆ ಸರಿದರೆ ಮಾತ್ರ ಅಪಾಯ. ಜಾವಾಸ್ಕ್ರಿಪ್ಟ್ 53 ಬಿಟ್‌ಗಿಂತ ದೊಡ್ಡ ಪೂರ್ಣಾಂಕಗಳನ್ನು ಸರಿಯಾಗಿ ಹಿಡಿಯಲಾರದ್ದರಿಂದ ಅದೇ ಸಂಖ್ಯೆಯನ್ನು ಅಕ್ಷರಗಳ ಸಾಲಾಗಿಯೂ ಕಳುಹಿಸಬೇಕಾಗಿ ಬಂದದ್ದು ಬೇರೆ ಕಥೆ.

ಹಾಗಾದರೆ ಹೊಸದಾಗಿ ಕಟ್ಟುವವರು ಯಾವುದನ್ನು ಹಿಡಿಯಬೇಕು? ಒಂದೇ ಡೇಟಾಬೇಸ್ ಸಾಕಾಗುವ ಸಂಸ್ಥೆಗೆ 64 ಬಿಟ್‌ಗಳ ಏರುವ ಸಂಖ್ಯೆಯೇ ಅಗ್ಗ ಮತ್ತು ಸುಭದ್ರ, ಅದು ಹೊರಗೆ ಕಾಣದಿದ್ದರೆ. ಹೊರಗಿನವರಿಗೆ ತೋರಿಸಲು ಬೇರೊಂದು ಯಾದೃಚ್ಛಿಕ ಗುರುತು ಇಟ್ಟರಾಯಿತು. ಹಲವು ಯಂತ್ರಗಳು ಏಕಕಾಲಕ್ಕೆ ಬರೆಯುವಲ್ಲಿ ಸಮಯದಿಂದ ಆರಂಭವಾಗುವ ಗುರುತು ಲೇಸು. ಆದರೆ ಅದರಲ್ಲಿ ಸೃಷ್ಟಿಯ ಸಮಯ ಬಯಲಾಗುತ್ತದೆ ಎಂಬುದನ್ನು ಮರೆಯಬಾರದು. ರೋಗಿಯ ದಾಖಲೆ ಯಾವಾಗ ತೆರೆಯಿತೆಂದು ಹೊರಗೆ ತಿಳಿಯುವುದು ಎಲ್ಲ ಆಸ್ಪತ್ರೆಗಳಿಗೂ ಒಪ್ಪಿಗೆಯಾಗದು.

ಬೆಂಗಳೂರಿನಲ್ಲಿ ತಂತ್ರಜ್ಞಾನ ಕೇಂದ್ರವಿರುವ ಆಧಾರ್ ಪ್ರಾಧಿಕಾರ ಈ ಪಾಠವನ್ನು ಒಂದು ಮಟ್ಟಿಗೆ ಕಲಿತಂತಿದೆ. 2010ರ ಸೆಪ್ಟೆಂಬರ್‌ನಿಂದ ಅದು ಹಂಚಿದ ಹನ್ನೆರಡು ಅಂಕಿಗಳಲ್ಲಿ ಊರು, ಜಾತಿ, ವಯಸ್ಸು, ಲಿಂಗ ಯಾವುದೂ ಅಡಗಿಲ್ಲ. ಕೊನೆಯ ಅಂಕಿ ಬರಹದ ತಪ್ಪು ಹಿಡಿಯುವುದಕ್ಕೆ, ಉಳಿದದ್ದು ಯಾದೃಚ್ಛಿಕ. ಆದರೆ ಒಳಗೆ ಇರಬೇಕಾದ ಗುರುತು ಸಿಮ್ ಅಂಗಡಿಯಿಂದ ಹೋಟೆಲಿನ ಕೌಂಟರ್‌ವರೆಗೆ ನೆರಳಚ್ಚು ಪ್ರತಿಗಳಲ್ಲಿ ಓಡಾಡಿತು. ಅದನ್ನು ಮರೆಮಾಡುವ ಹದಿನಾರು ಅಂಕಿಗಳ ತಾತ್ಕಾಲಿಕ ವರ್ಚುವಲ್ ಐಡಿ ಬಂದದ್ದು 2018ರಲ್ಲಿ. ಬದಲಿ ಗುರುತಿಗೇ ಒಂದು ಬದಲಿ!

ಕಾಡ್ ಹೆಸರು ಈಗ ಎಸಿಎಂನ ಡೇಟಾಬೇಸ್ ವಿಭಾಗ ವರ್ಷವರ್ಷ ಕೊಡುವ ಪ್ರಶಸ್ತಿಯೊಂದರಲ್ಲಿದೆ. 2024ರ ಮೇ ತಿಂಗಳಲ್ಲಿ ಅಂತರಜಾಲದ ಮಾನಕ ಸಂಸ್ಥೆ ಯುಯುಐಡಿಯ ನಿಯಮಗಳನ್ನು ಹೊಸದಾಗಿ ಬರೆದು, ಮೊದಲ 48 ಬಿಟ್‌ಗಳಲ್ಲಿ ಮಿಲಿಸೆಕೆಂಡುಗಳ ಸಮಯವನ್ನು ಇರಿಸುವ ಏಳನೇ ಬಗೆಗೆ ಮನ್ನಣೆ ನೀಡಿತು. ಗುರುತಿನ ಒಳಗೆ ಇಣುಕಿ ಅರ್ಥ ಹುಡುಕಬೇಡಿ, ಆದಷ್ಟೂ ಅದನ್ನು ಮುಚ್ಚಿದ ಪೆಟ್ಟಿಗೆಯಂತೆಯೇ ನಡೆಸಿಕೊಳ್ಳಿ ಎಂಬ ಸಲಹೆಯೂ ಆ ದಾಖಲೆಯಲ್ಲಿದೆ. ಟಾಸ್ಮೇನಿಯಾದ ಆ ಸಮ್ಮೇಳನ ಮುಗಿದು ಆಗ 45 ವರ್ಷಗಳಾಗಿದ್ದವು.